ಅವಾಹಕ ಹೊದಿಕೆಯುಳ್ಳ ವಿದ್ಯುತ್ ತಂತಿಗಳ ಸೀಮಾ ಸುಂಕ ವರ್ಗೀಕರಣ: ಸೌರ ಬೇಲಿ ಸಾಮಗ್ರಿಗಳ ಆಮದುದಾರರಿಗೆ ಮಾಹಿತಿ

ಮೈಸೂರು ದಸರೆಯ ಗಜಪಯಣ ಆರಂಭವಾಗುವ ವೀರನಹೊಸಹಳ್ಳಿಯು ನಾಗರಹೊಳೆ ಅರಣ್ಯದ ಹೆಬ್ಬಾಗಿಲು. ಹುಣಸೂರು, ಪಿರಿಯಾಪಟ್ಟಣ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಾಡಂಚಿನ ಗ್ರಾಮಗಳಲ್ಲಿ ಆನೆಗಳಿಂದ ಬೆಳೆ ರಕ್ಷಿಸಲು ಸೌರ ಬೇಲಿಗಳನ್ನು ಅಳವಡಿಸಲಾಗುತ್ತಿದೆ. ಸದರಿ ಬೇಲಿಯ ಕೆಲವು ಸಾಮಗ್ರಿಗಳನ್ನು ವಿದೇಶದಿಂದ ತರಿಸುವವರು ಬಿಲ್ ಆಫ್ ಎಂಟ್ರಿಯಲ್ಲಿ ಪ್ರತಿಯೊಂದು ಸರಕಿಗೂ ಸರಿಯಾದ ಶೀರ್ಷಿಕೆಯನ್ನು ನಮೂದಿಸತಕ್ಕದ್ದು. 2011ರಿಂದ ಸುಂಕದ ಸ್ವಯಂ ನಿರ್ಧರಣೆ ಜಾರಿಯಲ್ಲಿರುವುದರಿಂದ ವರ್ಗೀಕರಣದ ಪ್ರಾಥಮಿಕ ಹೊಣೆ ಆಮದುದಾರರದೇ ಆಗಿರುತ್ತದೆ.

ಸೀಮಾ ಸುಂಕ ದರಪಟ್ಟಿ ಅಧಿನಿಯಮ, 1975ರ ಮೊದಲನೆಯ ಅನುಸೂಚಿಯಲ್ಲಿ, ಇನ್ಸುಲೇಷನ್ ಎಂದು ಕರೆಯಲಾಗುವ ಅವಾಹಕ ಹೊದಿಕೆಯುಳ್ಳ ತಂತಿ, ಕೇಬಲ್ ಮತ್ತು ಇತರ ವಿದ್ಯುತ್ ವಾಹಕಗಳು ಶೀರ್ಷಿಕೆ 8544ರಡಿ ಬರುತ್ತವೆ. ಹೊದಿಕೆಯು ಪ್ಲಾಸ್ಟಿಕ್ ಅಥವಾ ರಬ್ಬರಿನದೇ ಆಗಿರಬೇಕೆಂದಿಲ್ಲ. ಕೃಷ್ಣರಾಜನಗರ, ಹುಣಸೂರು ಪಟ್ಟಣಗಳ ಅಂಗಡಿಗಳಲ್ಲಿ ಪಂಪ್‌ಸೆಟ್ ಮೋಟಾರು ಸುತ್ತಲು ಬಳಸುವ ಎನಾಮಲ್ ಲೇಪಿತ ತಾಮ್ರದ ತಂತಿಯು ನೋಟಕ್ಕೆ ಬರಿಯ ತಾಮ್ರದಂತೆ ಕಂಡರೂ, ಆ ತೆಳುವಾದ ಲೇಪವೇ ಅವಾಹಕವಾದ ಕಾರಣ, 8544 11ಕ್ಕೆ ಸೇರುತ್ತದೆ. ಲೇಪವಿಲ್ಲದ ತಾಮ್ರದ ತಂತಿ 7408ಕ್ಕೆ ಸೇರುತ್ತದೆ. ಕಣ್ಣಳತೆಯಿಂದ ತೀರ್ಮಾನಿಸುವುದು ಇಲ್ಲಿ ಸಲ್ಲದು.

ಇದಕ್ಕೆ ವಿರುದ್ಧವಾದ ತಪ್ಪು ಬೇಲಿಯ ತಂತಿಯಲ್ಲಿ ಸಂಭವಿಸುತ್ತದೆ. ಕಂಬದಿಂದ ಕಂಬಕ್ಕೆ ಎಳೆಯುವ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆಂಬ ಕಾರಣಕ್ಕೆ ಅದು 8544ಕ್ಕೆ ಸೇರುವುದಿಲ್ಲ. ಅದು ಪ್ರಾಣಿಗೆ ತಾಗಲೆಂದೇ ಹೊದಿಕೆಯಿಲ್ಲದೆ ಇರುತ್ತದೆ. ಸತುವಿನ ಲೇಪವು ತುಕ್ಕು ತಡೆಯಲು ಮಾತ್ರವಾದ್ದರಿಂದ ಇಂತಹ ಉಕ್ಕಿನ ತಂತಿಗೆ 7217 20 ಅನ್ವಯಿಸುತ್ತದೆ. ಮುಳ್ಳುತಂತಿಗೆ ಶೀರ್ಷಿಕೆ 7313. ವಿದ್ಯುತ್ ಹರಿಸುವ ಉದ್ದೇಶವಿಲ್ಲದೆ ಕೇವಲ ರಕ್ಷಣೆಗಾಗಿ ಪ್ಲಾಸ್ಟಿಕ್ ಲೇಪಿಸಿದ ಉಕ್ಕಿನ ತಂತಿಯೂ 7217ರಲ್ಲಿಯೇ ಉಳಿಯುತ್ತದೆ. ಕಂಬಕ್ಕೆ ಜೋಡಿಸುವ ಅವಾಹಕ ಬುಡ್ಡಿಗಳು ಯಾವ ವಸ್ತುವಿನವಾದರೂ 8546ಕ್ಕೆ ಸೇರುತ್ತವೆ. ವಿದ್ಯುತ್ ಸ್ಪಂದನ ನೀಡುವ ಎನರ್ಜೈಸರ್ ಯಂತ್ರಕ್ಕೆ 2007ರ ಮೊದಲು 8543 40 ಎಂಬ ಪ್ರತ್ಯೇಕ ಉಪಶೀರ್ಷಿಕೆ ಇತ್ತು. ಅನಂತರ ಅದು 8543 70ರಲ್ಲಿ ವಿಲೀನವಾಗಿದೆ. ಹಳೆಯ ಬಿಲ್ಲನ್ನು ನೋಡಿ ಸಂಖ್ಯೆ ನಕಲು ಮಾಡುವವರು ಇದನ್ನು ಗಮನಿಸುವುದು.

ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಎನರ್ಜೈಸರ್‌ನಿಂದ ಬೇಲಿಯವರೆಗೆ ಹೋಗುವ ಕೇಬಲ್ಲಿನ ವಿಷಯದಲ್ಲಿ. ಬೇಲಿಗೆ ಹಾಯುವ ಸ್ಪಂದನವು ಹಲವು ಸಾವಿರ ವೋಲ್ಟ್‌ಗಳಷ್ಟಿರುತ್ತದೆ. ಅಂತರರಾಷ್ಟ್ರೀಯ ಮಾನಕ ಐಇಸಿ 60335-2-76 ಪ್ರತಿ ಸ್ಪಂದನದ ಶಕ್ತಿಯನ್ನು 5 ಜೂಲ್‌ಗೆ ಮಿತಿಗೊಳಿಸಿರುವುದರಿಂದ ಅದು ಪ್ರಾಣಿಯನ್ನು ಹಿಮ್ಮೆಟ್ಟಿಸುತ್ತದೆಯೇ ಹೊರತು ಕೊಲ್ಲಲು ಉದ್ದೇಶಿಸಿದ್ದಲ್ಲ. ದರಪಟ್ಟಿಯ ಗಡಿರೇಖೆ 1000 ವೋಲ್ಟ್. ಅದನ್ನು ಮೀರಿದ ವೋಲ್ಟೇಜಿಗೆಂದು ತಯಾರಾದ ಕೇಬಲ್ 8544 60ಕ್ಕೆ ಸೇರುತ್ತದೆ. ಅದಕ್ಕೆ ಮೀರದ್ದು, ತುದಿಯಲ್ಲಿ ಕನೆಕ್ಟರ್ ಇದ್ದರೆ 8544 42, ಇಲ್ಲದಿದ್ದರೆ 8544 49. ಇಲ್ಲಿ ಪರಿಗಣನೆಗೆ ಬರುವುದು ಕೇಬಲ್ಲಿನ ರಚನೆಯೇ ಹೊರತು ಕೊಳ್ಳುವವರು ಅದನ್ನು ಬಳಸುವ ರೀತಿಯಲ್ಲ. ಮನೆಯ ವೈರಿಂಗ್ ತಂತಿಯನ್ನು ಬೇಲಿಗೆ ಬಳಸುವೆವೆಂದು ಹೇಳಿದ ಮಾತ್ರಕ್ಕೆ ಅದು 8544 60 ಆಗುವುದಿಲ್ಲ. ಅಂತಹ ಬಳಕೆಯೂ ಅಪೇಕ್ಷಣೀಯವಲ್ಲ, ಏಕೆಂದರೆ ನೆಲದಡಿಯಲ್ಲಿ ಹೊದಿಕೆ ಸೋರಿ ಬೇಲಿಯ ಬಲ ಕುಂದುತ್ತದೆ. ತಂತಿಯ ಮೇಲೆ 1100 ವೋಲ್ಟ್ ದರ್ಜೆ ಎಂದು ಮುದ್ರಿತವಾಗಿದ್ದಲ್ಲಿ ಪ್ರಶ್ನೆ ಏಳುವ ಸಂಭವವಿರುವುದರಿಂದ, ಮುದ್ರಿತ ವಿವರವನ್ನು ಇದ್ದಂತೆಯೇ ಘೋಷಿಸಿ ತಯಾರಕರ ತಾಂತ್ರಿಕ ಪತ್ರವನ್ನು ಲಗತ್ತಿಸುವುದು ಒಳಿತು.

ಬೇಲಿಗೆ ಮನೆಯ ಅಥವಾ ಪಂಪ್‌ಸೆಟ್ಟಿನ ವಿದ್ಯುತ್ತನ್ನು ನೇರವಾಗಿ ಹರಿಸುವುದು ಶಿಕ್ಷಾರ್ಹ. ಅದರಿಂದ ಆನೆ ಮಾತ್ರವಲ್ಲ, ಮನುಷ್ಯರೂ ಸಾಯುತ್ತಾರೆ.

ಟ್ರ್ಯಾಕ್ಟರ್ ಮತ್ತಿತರ ವಾಹನಗಳ ವೈರಿಂಗ್ ಸೆಟ್ಟುಗಳು 8544 30ಕ್ಕೆ ಸೇರುತ್ತವೆ. ಹದಿನೇಳನೆಯ ವಿಭಾಗದ ಟಿಪ್ಪಣಿ 2ರ ಪ್ರಕಾರ ಅವನ್ನು 8708ರ ವಾಹನ ಬಿಡಿಭಾಗಗಳೆಂದು ತೋರಿಸುವಂತಿಲ್ಲ.

ಸುಂಕದ ದರಗಳು ಅಧಿಸೂಚನೆಗಳ ಮೂಲಕ ಆಗಾಗ್ಗೆ ಬದಲಾಗುವುದರಿಂದ ಬಿಲ್ ಸಲ್ಲಿಸುವ ದಿನದ ದರವನ್ನು ಐಸ್‌ಗೇಟ್ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು. ತಂತಿ ಮತ್ತು ಕೇಬಲ್‌ಗಳ ಸರಕು ಮತ್ತು ಸೇವಾ ತೆರಿಗೆಯನ್ನು 15-11-2017ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು.

ಸಂದೇಹವಿದ್ದಲ್ಲಿ ಸರಕು ತರಿಸುವ ಮೊದಲೇ, ಸೀಮಾ ಸುಂಕ ಅಧಿನಿಯಮ, 1962ರ ಪ್ರಕರಣ 28ಎಚ್ ಅಡಿಯಲ್ಲಿ ಮುಂಗಡ ತೀರ್ಪಿಗೆ ಅರ್ಜಿ ಸಲ್ಲಿಸಬಹುದು. ಪ್ರಾಧಿಕಾರಗಳು 2021ರಿಂದ ನವದೆಹಲಿ ಮತ್ತು ಮುಂಬಯಿಯಲ್ಲಿವೆ. ಅರ್ಜಿ ಸ್ವೀಕರಿಸಿದ ಮೂರು ತಿಂಗಳೊಳಗೆ ತೀರ್ಪು ನೀಡಬೇಕೆಂಬ ನಿಯಮವಿದೆ. ಸರಕು ಬಂದಿಳಿದ ಮೇಲೆ ಅಧಿಕಾರಿಗಳು ವರ್ಗೀಕರಣವನ್ನು ಬದಲಿಸಿ, ಆಮದುದಾರರು ಅದನ್ನು ಲಿಖಿತವಾಗಿ ಒಪ್ಪದಿದ್ದಲ್ಲಿ, ಹದಿನೈದು ದಿನಗಳೊಳಗೆ ಕಾರಣಸಹಿತ ಆದೇಶ ಪಡೆಯುವ ಹಕ್ಕು ಅವರಿಗಿದೆ. ಅದರ ವಿರುದ್ಧ ಆಯುಕ್ತರಿಗೆ ಅರವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಕಡಿಮೆ ಪಾವತಿಯಾದ ಸುಂಕಕ್ಕೆ ಎರಡು ವರ್ಷಗಳವರೆಗೆ, ಮಾಹಿತಿ ಮರೆಮಾಚಿದ್ದಲ್ಲಿ ಐದು ವರ್ಷಗಳವರೆಗೆ ನೋಟಿಸು ಬರಬಹುದು. ಹೆಚ್ಚಾಗಿ ಪಾವತಿಸಿದ ಸುಂಕದ ಮರುಪಾವತಿ ಕೋರಲು ಇರುವ ಅವಧಿ ಒಂದು ವರ್ಷ ಮಾತ್ರ.