ವೀನಸ್ ಫ್ಲೈಟ್ರಾಪ್ ಹೊರಗಿಡಲು ಮುಂಗಾರೇ ಸಕಾಲ

ಅಮೆರಿಕದ ಉತ್ತರ ಹಾಗೂ ದಕ್ಷಿಣ ಕೆರೊಲಿನಾ ರಾಜ್ಯಗಳ ಜೌಗು ನೆಲದಲ್ಲಿ ಬೆಳೆಯುವ ಕೀಟಾಹಾರಿ ಸಸ್ಯ ವೀನಸ್ ಫ್ಲೈಟ್ರಾಪ್. ನೇರ ಬಿಸಿಲು ಬೇಡುವ ಈ ಗಿಡ ಮನೆಯೊಳಗಿನ ಮಂದ ಬೆಳಕಿನಲ್ಲಿ ಕ್ರಮೇಣ ಸೊರಗುತ್ತದೆ. ಆದರೆ ಭಾಲ್ಕಿ ತಾಲ್ಲೂಕಿನ ಸಾಯಗಾಂವದಂತಹ ಒಣಹವೆಯ ಊರುಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಆಗ ಹಠಾತ್ತನೆ ಹೊರಗಿಟ್ಟರೆ ಎಲೆಗಳು ಸುಟ್ಟುಹೋಗುತ್ತವೆ.

ಮುಂಗಾರು ಆರಂಭವಾಗಿ ಹವೆ ತಂಪಾದ ಮೇಲೆ ಸ್ಥಳಾಂತರಿಸುವುದು ಸೂಕ್ತ. ಮೊದಲ ದಿನಗಳಲ್ಲಿ ಬೆಳಗಿನ ಒಂದು ತಾಸು ಬಿಸಿಲು ಸಾಕು. ಎರಡು ವಾರಗಳಲ್ಲಿ ಅವಧಿ ಹೆಚ್ಚಿಸಬೇಕು. ಲವಣಯುಕ್ತ ಕೊಳವೆಬಾವಿ ನೀರು ಬೇರಿಗೆ ಮಾರಕ. ಆದ್ದರಿಂದ ಮಳೆನೀರನ್ನು ಬೇಸಿಗೆಗೂ ಸಂಗ್ರಹಿಸಿಟ್ಟು, ಕುಂಡದಡಿಯ ತಟ್ಟೆಗೆ ಹಾಕಬೇಕು. ಗೊಬ್ಬರ ಸಲ್ಲದು. ಬೇಸಿಗೆಯಲ್ಲಿ ಮಧ್ಯಾಹ್ನ ನೆರಳು ಅಗತ್ಯ.

ಚಳಿಗಾಲದಲ್ಲಿ ಬೆಳವಣಿಗೆ ನಿಂತು ಎಲೆಗಳು ಕಪ್ಪಾದರೆ ಗಿಡ ಸತ್ತಿತೆಂದು ಎಸೆಯಬಾರದು, ಅದು ಸುಪ್ತಾವಸ್ಥೆಯಾಗಿರಬಹುದು.