ಕೊಪ್ಪಳ ಸೀಮೆಯ ರೈಲು ಛಾಯಾಚಿತ್ರಗಳು

ಗದಗ–ಕೊಪ್ಪಳ–ಹೊಸಪೇಟೆ ರೈಲುಮಾರ್ಗ ಮತ್ತು ಅದರಿಂದ ಕವಲೊಡೆದ ತಳಕಲ್–ಕುಕನೂರು–ಕುಷ್ಟಗಿ ಮಾರ್ಗಗಳ ಇಂಜಿನ್, ಬೋಗಿ, ನಿಲ್ದಾಣ, ಸೇತುವೆ ಹಾಗೂ ನೌಕರರನ್ನು ದಾಖಲಿಸಿರುವ ಚಿತ್ರಗಳು. ಈ ಸೀಮೆಯಲ್ಲಿ ಕಣ್ಮರೆಯಾದ ಮೀಟರ್ ಗೇಜ್ ಯುಗಕ್ಕೆ ಇವು ಮುಖ್ಯ ಸಾಕ್ಷಿ.

ಹಿನ್ನೆಲೆ: ಉತ್ತರ ಕರ್ನಾಟಕದಲ್ಲಿ ಕ್ಯಾಮೆರಾ ಮೊದಲು ಒಲಿದದ್ದು ಕಲ್ಲಿಗೆ. ಪಿಗೌ, ನೀಲ್, ಬಿಗ್ಸ್ ಎಂಬುವರು ತೆಗೆದ ಧಾರವಾಡ ಮತ್ತು ಮೈಸೂರು ಪ್ರಾಂತಗಳ ದೇಗುಲಗಳ ಚಿತ್ರಸಂಪುಟ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬಳಿಕ ಬಂದದ್ದು 1876–78ರ ಧಾತು ಸಂವತ್ಸರದ ಬರ. ಮದ್ರಾಸ್ ಪ್ರಾಂತದಲ್ಲಿ ಡಬ್ಲ್ಯೂ. ಡಬ್ಲ್ಯೂ. ಹೂಪರ್ ತೆಗೆದ ಬರಗಾಲದ ಚಿತ್ರಗಳು ಇಂದಿಗೂ ಮನ ಕಲಕುತ್ತವೆ. ಅಂಥ ಬರದಲ್ಲಿ ಧಾನ್ಯ ಸಾಗಿಸಲೆಂದೇ ರೈಲುಮಾರ್ಗಗಳ ಯೋಜನೆ ರೂಪುಗೊಂಡಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಆ ದಶಕದಲ್ಲೇ ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕೊಪ್ಪಳದ ಮೂಲಕ ಹಳಿ ಹಾಸಿತು. ಹುಬ್ಬಳ್ಳಿಯ ಕಾರ್ಯಾಗಾರ 1885ರಲ್ಲಿ ಆರಂಭವಾಯಿತು.

ತಂತ್ರ: ಹಸಿ ಫಲಕದ ಕಾಲದಲ್ಲಿ ಫಲಕವನ್ನು ಸ್ಥಳದಲ್ಲೇ ಲೇಪಿಸಿ, ಒಣಗುವ ಮೊದಲೇ ಸಂಸ್ಕರಿಸಬೇಕಿತ್ತು, ಓಡುವ ಬಂಡಿ ಅದರಲ್ಲಿ ಮಸುಕಾಗುತ್ತಿತ್ತು. ಕೊಪ್ಪಳಕ್ಕೆ ರೈಲು ಬಂದ ದಶಕದಲ್ಲೇ ಒಣ ಫಲಕ ಬಳಕೆಗೆ ಬಂದು ಛಾಯಾಗ್ರಾಹಕರ ಹೊರೆ ಇಳಿಯಿತು. ಆದರೂ ನಿಂತ ಇಂಜಿನ್ನಿನ ಮುಂದೆ ಡ್ರೈವರ್, ಫೈರ್‌ಮನ್‌ಗಳು ಸಾಲಾಗಿ ನಿಲ್ಲುವ ರೂಢಿ ಉಳಿಯಿತು. ಬ್ರಿಟನ್ನಿನ ತಯಾರಕರು ಹೊಸ ಇಂಜಿನ್ನಿಗೆ ಬೂದು ಬಣ್ಣ ಬಳಿದು ಪಕ್ಕದಿಂದ ಚಿತ್ರ ತೆಗೆಯುತ್ತಿದ್ದರು. ಹೊಳಪಿಲ್ಲದ ಆ ಬಣ್ಣದಲ್ಲಿ ಪ್ರತಿ ಬೋಲ್ಟೂ ಎದ್ದು ಕಾಣುತ್ತಿತ್ತು.

ಕಾಲನಿರ್ಣಯ: ತಾರೀಖು ಬರೆಯದ ಚಿತ್ರಕ್ಕೆ ಇಂಜಿನ್ನಿನ ಮೈಯೇ ಪಂಚಾಂಗ. ಅದರ ಮೇಲಿನ ಅಕ್ಷರಗಳಲ್ಲಿ 1908ರಿಂದ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಿಂದ ದಕ್ಷಿಣ ರೈಲ್ವೆ, 1966ರಿಂದ ದಕ್ಷಿಣ ಮಧ್ಯ ರೈಲ್ವೆಯ ಗುರುತು ಕಾಣುತ್ತದೆ. ವೈಪಿ, ವೈಜಿ ವರ್ಗದ ಇಂಜಿನ್ ಇದ್ದರೆ ಚಿತ್ರ ಸ್ವಾತಂತ್ರ್ಯಾನಂತರದ್ದು. ಮುಂದೆ ನಾಲ್ಕು ಚಿಕ್ಕ ಗಾಲಿ, ನಡುವೆ ಆರು ದೊಡ್ಡ ಗಾಲಿ ಇದ್ದರೆ ಪ್ರಯಾಣಿಕರ ಬಂಡಿ ಎಳೆಯುವ ವೈಪಿ. ಎಂಟು ದೊಡ್ಡ ಗಾಲಿ ಇದ್ದರೆ ಸರಕಿನ ವೈಜಿ. 1990ರ ದಶಕದಲ್ಲಿ 1,000 ಮಿ.ಮೀ. ಅಗಲದ ಹಳಿ ಕಿತ್ತು 1,676 ಮಿ.ಮೀ. ಬ್ರಾಡ್ ಗೇಜ್ ಹಾಕಿದ ಮೇಲೆ ಹಳೆಯ ನೋಟ ಚಿತ್ರಗಳಲ್ಲಷ್ಟೇ ಉಳಿಯಿತು.

ಸಂರಕ್ಷಣೆ: 1979ರಲ್ಲಿ ತೆರೆದ ಮೈಸೂರು ರೈಲು ವಸ್ತುಸಂಗ್ರಹಾಲಯದ ಚಾಮುಂಡಿ ಗ್ಯಾಲರಿಯಲ್ಲಿ ರೈಲ್ವೆಯ ಹಳೆಯ ಛಾಯಾಚಿತ್ರಗಳಿವೆ. 2020ರಲ್ಲಿ ಹುಬ್ಬಳ್ಳಿಯಲ್ಲೂ ರೈಲು ವಸ್ತುಸಂಗ್ರಹಾಲಯ ಆರಂಭವಾಯಿತು. ಅಂಥ ಕಟ್ಟಡಗಳಾಚೆ, ನಿವೃತ್ತ ನೌಕರರ ಮನೆಯ ಗೋಡೆ ಮತ್ತು ಟ್ರಂಕುಗಳಲ್ಲಿ ಇರುವ ಚಿತ್ರಗಳಿಗೂ ಅಷ್ಟೇ ಬೆಲೆಯಿದೆ. ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್‌ಗಳ ಮುಖ ಕಾಣುವುದು ಅಲ್ಲಿಯೇ.

ಕುಕನೂರು: ನವಲಿಂಗ ದೇಗುಲದ ಈ ಊರು ಗದಗ–ಕೊಪ್ಪಳ ಹಳಿಯಿಂದ ಶತಮಾನಕ್ಕೂ ಹೆಚ್ಚು ಕಾಲ ಬದಿಗೇ ಉಳಿಯಿತು. ಗದಗ–ವಾಡಿ ಯೋಜನೆಯ ತಳಕಲ್–ಕುಷ್ಟಗಿ ಭಾಗ ಸಿದ್ಧವಾಗಿ, 2025ರ ಮೇ 15ರಂದು ಹುಬ್ಬಳ್ಳಿ–ಕುಷ್ಟಗಿ ರೈಲಿಗೆ ಚಾಲನೆ ದೊರೆಯಿತು. ಹಿಂದೆ ಕ್ಯಾಮೆರಾ ಇದ್ದದ್ದು ಕಂಪನಿ ಮತ್ತು ಪರದೇಶಿ ಪ್ರವಾಸಿಗಳ ಕೈಯಲ್ಲಿ. ಈಗ ಊರವರ ಕೈಯಲ್ಲೇ ಇದೆ. ತೆಗೆದ ಚಿತ್ರಕ್ಕೆ ಊರು, ದಿನ, ನಿಂತವರ ಹೆಸರು ಬರೆದಿಟ್ಟರೆ ಮುಂದಿನವರು ಗಾಲಿ ಎಣಿಸಿ ಕಾಲ ಊಹಿಸಬೇಕಾಗುವುದಿಲ್ಲ.