ಪನ್ನೀರಲ್ಲ ಆಯಿ, ಪನೀರ! ಒಂದು ಬೋಗುಣಿ ಹಣ್ಣಿನ ಇತಿಹಾಸ

📌 ಭಾಗ 1/7: ಹೊಲದಾಗ ಒಂದು ಜಗಳ

ಮೊದಲನೇ ಫೋಟೋ ನೋಡ್ರಿ. ಕಲ್ಲಂಗಡಿ, ದ್ರಾಕ್ಷಿ, ದಾಳಿಂಬೆ, ಪಪ್ಪಾಯಿ, ಸೌತಿಕಾಯಿ. ಮ್ಯಾಲ ಬೆಳ್ಳಗ ಕಾಣೋದು ಪನೀರ. ಕಳೆದ ಭಾನುವಾರ ನಮ್ಮ ಹೊಲದ ಬೇವಿನ ಗಿಡದ ನೆಳ್ಳಾಗ ಕುಂತು ಮಾಡಿದ್ದು. ಸಿಂದಗಿ ಬಿಸಿಲು ನಿಮಗ ಗೊತ್ತೇ ಅದ, 40 ಡಿಗ್ರಿ ದಾಟಿದ ಮ್ಯಾಲ ಒಲಿ ಮುಂದ ಕುಂತು ರೊಟ್ಟಿ ಬಡಿಯೋದು ಯಾರಿಗೂ ಬ್ಯಾಡ. ಅದಕ್ಕ ತಂಪಂದು ಏನರೆ ಮಾಡೋಣು ಅಂತ ಮಾಡಿದ್ವಿ.

ಮಾಡಿದ್ದು ಹತ್ತು ನಿಮಿಷ, ಜಗಳ ಆಗಿದ್ದು ಒಂದು ತಾಸು.

ಒಬ್ಬ ಗೆಳೆಯ ಬೋಗುಣಿ ನೋಡಿದವನೇ, "ಇದು ನಮ್ಮ ಊಟ ಅಲ್ಲಲೇ, ರೀಲ್ಸ್ ನೋಡಿ ಮಾಡೀರಿ. ಹಣ್ಣಿನಾಗ ಚೀಸ್ ಯಾರು ಹಾಕ್ತಾರ? ನಮ್ದು ಅಂದ್ರ ರೊಟ್ಟಿ, ಶೇಂಗಾ ಹಿಂಡಿ" ಅಂದ. ನಮ್ಮ ಆಯಿ ಅಂತೂ ಇನ್ನೊಂದು ದಾರಿ ಹಿಡಿದಳು. "ಪನ್ನೀರು ಮದುವ್ಯಾಗ ಮಂದಿ ಮ್ಯಾಲ ಚುಮುಕ್ಸೋದು, ತಿಂತಾರೇನು?" ಅಂತ ಕೇಳಿದಳು. ಪನ್ನೀರಲ್ಲ ಆಯಿ, ಪನೀರ, ಹಾಲು ಒಡೆಸಿ ಮಾಡ್ತಾರ ಅಂದ ಕೂಡ್ಲೇ ಮುಖ ಸಣ್ಣದು ಮಾಡಿದಳು. "ಹಾಲು ತಾನಾಗೇ ಒಡದ್ರ ಅಪಶಕುನ ಅಂತೀವಿ. ನೀವು ಬೇಕಂತ ಒಡಸ್ತೀರಿ!" ಅಂತ ಹೇಳಿ ತಾಟು ಆ ಕಡೆ ಸರಿಸಿಬಿಟ್ಟಳು.

ಆ ದಿನ ನನ್ನ ಹತ್ರ ಇಬ್ಬರಿಗೂ ಉತ್ತರ ಇರಲಿಲ್ಲ. ವಾರ ಪೂರ್ತಿ ಓದಿ ಈಗ ಬರೀತಿದೀನಿ. ಪ್ರಶ್ನೆ ಒಂದೇ: ಈ ಬೋಗುಣಿಯಾಗ "ನಮ್ದು" ಯಾವುದು, "ಹೊರಗಿಂದು" ಯಾವುದು?

ಉತ್ತರ ನಾನು ಅಂದುಕೊಂಡಿದ್ದಕ್ಕ ಪೂರ್ತಿ ಉಲ್ಟಾ ಬಂತು. 👇

📌 ಭಾಗ 2/7: ಕಲ್ಯಾಣದ ಅಡುಗೆಮನೆ

900 ವರ್ಷ ಹಿಂದಕ್ಕ ಹೋಗೋಣ. ಆಗ ನಮ್ಮ ಸೀಮೆ ತರ್ದವಾಡಿ ಸಾಸಿರ ಅನ್ನೋ ನಾಡಿಗೆ ಸೇರಿತ್ತು. ಭೀಮಾ ದಂಡಿಯ ಇವತ್ತಿನ ತದ್ದೇವಾಡಿಯೇ ಆ ಹೆಸರಿನ ಮೂಲ. ಆಳ್ತಿದ್ದವರು ಕಲ್ಯಾಣದ ಚಾಲುಕ್ಯರು. ಅವರ ರಾಜಧಾನಿ ಕಲ್ಯಾಣ ಅಂದ್ರ ಇವತ್ತಿನ ಬಸವಕಲ್ಯಾಣ.

ಆರನೇ ವಿಕ್ರಮಾದಿತ್ಯನ ಹೆಸರು ಸ್ಕೂಲ್ ಪುಸ್ತಕದಾಗ ಓದೀವಿ. ಅವನ ಮಗ ಮೂರನೇ ಸೋಮೇಶ್ವರ. 1126ರಿಂದ 1138ರವರೆಗೆ ಆಳಿದ ಈ ರಾಜ ಯುದ್ಧಕ್ಕಿಂತ ಪುಸ್ತಕದಿಂದ ಹೆಚ್ಚು ಹೆಸರಾದವನು. 1129ರ ಸುಮಾರಿಗೆ ಸಂಸ್ಕೃತದಲ್ಲಿ ಅವನು ರಚಿಸಿದ 'ಮಾನಸೋಲ್ಲಾಸ'ಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಅನ್ನೋ ಇನ್ನೊಂದು ಹೆಸರೂ ಅದ. ರಾಜ್ಯ ಆಳೋದು, ಆನೆ, ಕುದುರೆ, ಸಂಗೀತ, ಆಟ ಎಲ್ಲಾ ಅದರಾಗ ಬರ್ತದ. ಊಟದ ಬಗ್ಗೆನೇ ಒಂದು ಬೇರೆ ಭಾಗ ಇದೆ, ಅನ್ನಭೋಗ ಅಂತ.

ಅಲ್ಲಿ ಒಂದು ಸಿಹಿ ತಿನಿಸು ಬರ್ತದ. ಕಾಸಿದ ಹಾಲಿಗೆ ಹುಳಿ ಹಾಕಿ ಒಡೆಸಬೇಕು. ಬಟ್ಟೆಯಲ್ಲಿ ಸೋಸಿ ನೀರು ತೆಗೀಬೇಕು. ಉಳಿದ ಗಟ್ಟಿಗೆ ಅಕ್ಕಿ ಹಿಟ್ಟು ಸೇರಿಸಿ, ಕರಿದು, ಸಕ್ಕರೆ ಕೂಡಿಸಬೇಕು.

ಒಂದ್ಸಲ ನಿಂತು ಮತ್ತ ಓದ್ರಿ. ಹುಳಿ ಹಾಕಿ ಹಾಲು ಒಡೆಸೋದು, ಬಟ್ಟೆಯಲ್ಲಿ ಸೋಸೋದು. ಭಾನುವಾರ ಹೊಲದಾಗ ನಾವು ಮಾಡಿದ್ದು ಇದನ್ನೇ! ಕರೀಲಿಲ್ಲ, ಅಷ್ಟೇ ಫರಕು.

ಇದಕ್ಕೂ ನೂರು ವರ್ಷ ಮೊದಲು, 1025ರಲ್ಲಿ, ಎರಡನೇ ಚಾವುಂಡರಾಯ ಕನ್ನಡದಲ್ಲೇ 'ಲೋಕೋಪಕಾರ' ಬರೆದ. ಜನರ ದಿನನಿತ್ಯದ ಉಪಯೋಗಕ್ಕೆ ಅಂತ ಬರೆದ ಆ ಪುಸ್ತಕದಲ್ಲೂ ಅಡುಗೆಗೆ ಜಾಗ ಅದ. ಅಂದ್ರ ಈ ನಾಡಿನವರು ಊಟವನ್ನ ಬರೆದಿಡೋ ವಿಷಯ ಅಂತ ಆಗಲೇ ತಿಳಿದಿದ್ರು.

📌 ಭಾಗ 3/7: ಹಂಗಾದ್ರ ಚೀಸ್ ನಾವೇ ಕಂಡುಹಿಡಿದಿದ್ದಾ? ಇಲ್ಲ.

ಇಲ್ಲಿ ಸ್ವಲ್ಪ ಬ್ರೇಕ್ ಹಾಕ್ತೀನಿ. ಇಂಥ ಪೋಸ್ಟ್ ಓದಿದ ಮ್ಯಾಲ "ಜಗತ್ತಿಗೆ ಚೀಸ್ ಕೊಟ್ಟಿದ್ದೇ ನಾವು" ಅಂತ ಫಾರ್ವರ್ಡ್ ಮಾಡೋರು ಇರ್ತಾರ. ದಯವಿಟ್ಟು ಮಾಡಬ್ಯಾಡ್ರಿ 🙏

ಪೋಲೆಂಡ್‌ನಲ್ಲಿ ಸಿಕ್ಕ ತೂತು ತೂತಿನ ಮಣ್ಣಿನ ಪಾತ್ರೆಗಳ ಚೂರುಗಳಲ್ಲಿ ಹಾಲಿನ ಕೊಬ್ಬಿನ ಅಂಶ ಸಿಕ್ಕದ. ಅಲ್ಲಿನವರು ಸುಮಾರು 7,000 ವರ್ಷದ ಹಿಂದೆಯೇ ಚೀಸ್ ಮಾಡ್ತಿದ್ರು ಅಂತ ವಿಜ್ಞಾನಿಗಳು 2012ರಲ್ಲಿ ತೋರಿಸಿದ್ರು. ದನ ಸಾಕಿದ ಕಡೆ ಹಾಲು, ಹಾಲು ಇದ್ದ ಕಡೆ ಅದನ್ನ ಉಳಿಸೋ ಚಿಂತೆ. ಪನೀರ ಅನ್ನೋ ಹೆಸರೂ ಪರ್ಷಿಯನ್ ಭಾಷೆಯದು. ಆಯಿ ಹೇಳಿದ ಮದುವಿ ಪನ್ನೀರು ಬ್ಯಾರೆ, ಅದು ಗುಲಾಬಿ ನೀರು.

ಮತ್ತ ಹಾಲು ಒಡೆಸೋದು ರಾಜನ ಅಡುಗೆಯಾಗ ಇತ್ತು ಅಂದ್ರ ನಮ್ಮ ರೈತರ ಮನಿಯೊಳಗ ಯಾಕ ಕಾಣೋದಿಲ್ಲ? ಬಿಕಾಂ ಹುಡುಗರ ತಲಿಗೆ ಮೊದಲು ಹೊಳೆಯೋದು ಲೆಕ್ಕ. ಹಾಲು ಹೆಪ್ಪು ಹಾಕಿದ್ರ ಮೊಸರು. ಕಡೆದ್ರ ಮಜ್ಜಿಗಿ ಒಂದು ಕಡೆ, ಬೆಣ್ಣಿ ಒಂದು ಕಡೆ. ಬೆಣ್ಣಿ ಕಾಸಿದ್ರ ತುಪ್ಪ. ಮಜ್ಜಿಗಿ ಬಿಸಿಲಿಗೆ ಬೇಕೇಬೇಕು, ತುಪ್ಪ ತಿಂಗಳುಗಟ್ಟಲೆ ಕೆಡೂದಿಲ್ಲ, ಮಾರಿದ್ರ ರೊಕ್ಕ. ಪನೀರ? ನಮ್ಮ ಬ್ಯಾಸಿಗಿಯಾಗ ಫ್ರಿಜ್ ಇಲ್ಲದ ಮನ್ಯಾಗ ಒಂದು ದಿನ ತಡೆದ್ರ ಹೆಚ್ಚು. ಲಾಭ ಎಲ್ಲಿ ಅದ ನೀವೇ ಹೇಳ್ರಿ.

ಆದ್ರೂ ಗಟ್ಟಿ ಹಾಲಿನ ರುಚಿ ನಾವು ಬಿಟ್ಟಿಲ್ಲ. ಎಮ್ಮಿ ಈದಾಗ ಬರೋ ಗಿಣ್ಣದ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಕಾಸಿದ್ರ ಅದೂ ಗಟ್ಟಿ ಆಗ್ತದ. ಮೊಸರು ಬಟ್ಟಿಯಾಗ ಕಟ್ಟಿ ತೂಗು ಹಾಕಿದ್ರ ಚಕ್ಕಾ. ಚಕ್ಕಾಕ್ಕ ಸಕ್ಕರಿ ಕಲಸಿದ್ರ ಶ್ರೀಖಂಡ. ಅದರ ಹಳೇ ಅಕ್ಕ 'ಶಿಖರಿಣಿ' ಕೂಡ ಮಾನಸೋಲ್ಲಾಸದಾಗ ಅದ.

ನಮ್ಮ ಆಯಿಗೆ ಗಿಣ್ಣ ಅಂದ್ರ ಜೀವ. ಶ್ರೀಖಂಡ ಇದ್ರ ಎರಡು ಪೂರಿ ಜಾಸ್ತಿ. ಅಂದ್ರ ಅವಳ ಸಿಟ್ಟು ರುಚಿ ಮ್ಯಾಲ ಅಲ್ಲ, "ಒಡೆಯೋದು" ಅನ್ನೋ ಮಾತಿನ ಮ್ಯಾಲ.

📌 ಭಾಗ 4/7: ದ್ರಾಕ್ಷಿ, ದಾಳಿಂಬೆ ಮತ್ತು ಬಿಜಾಪುರದ ಪೇಟೆ

ಈಗ ಹಣ್ಣಿಗೆ ಬರೋಣ. ವಿಜಯಪುರ ಅಂದ್ರ ದ್ರಾಕ್ಷಿ. ತಿಕೋಟಾ, ಬಬಲೇಶ್ವರ ಕಡೆ ಹೋದ್ರ ರಸ್ತೆ ಬಾಜೂಕ ಒಣದ್ರಾಕ್ಷಿ ಶೆಡ್ ಕಾಣ್ತಾವ. ಆದ್ರ ದ್ರಾಕ್ಷಿ ಮೂಲ ಕಾಕಸಸ್, ಪಶ್ಚಿಮ ಏಷ್ಯಾ ಸೀಮೆ. ದಾಳಿಂಬೆ ಇರಾನ್ ಕಡೆಯದು. ಎರಡೂ ಬಹಳ ಹಿಂದೆಯೇ ಬಂದಿದ್ದಕ್ಕ ಅವಕ್ಕ ಹಳೇ ಹೆಸರುಗಳೇ ಇದ್ದಾವ.

14ನೇ ಶತಮಾನದಲ್ಲಿ ಮೊರೊಕ್ಕೋದಿಂದ ಬಂದ ಪ್ರವಾಸಿ ಇಬ್ನ್ ಬತೂತ ದೌಲತಾಬಾದ್ ನೋಡಿ, ಅಲ್ಲಿ ದ್ರಾಕ್ಷಿ, ದಾಳಿಂಬೆ ವರ್ಷಕ್ಕ ಎರಡು ಸಲ ಹಣ್ಣು ಕೊಡ್ತಾವ ಅಂತ ಬರೆದ. ದೌಲತಾಬಾದ್ ನಮ್ಮದೇ ದಖ್ಖನ್ನಿನ ಊರು, ಇವತ್ತಿನ ಮಹಾರಾಷ್ಟ್ರದಾಗ ಅದ.

1490ರಲ್ಲಿ ಯೂಸುಫ್ ಆದಿಲ್ ಶಾಹನಿಂದ ಬಿಜಾಪುರದ ಆದಿಲ್‌ಶಾಹಿ ಶುರು ಆಯ್ತು. ಇರಾನ್, ಅರೇಬಿಯಾ, ಆಫ್ರಿಕಾದಿಂದ ಬಂದವರು, ಕನ್ನಡ, ಮರಾಠಿ, ದಖನಿ ಮಾತಾಡೋರು ಎಲ್ಲರೂ ಒಂದೇ ಪೇಟೆಯಾಗ. 1603-04ರ ಸುಮಾರಿಗೆ ಅಕ್ಬರ್‌ನ ರಾಯಭಾರಿ ಅಸದ್ ಬೇಗ್ ಇಲ್ಲಿಗೆ ಬಂದ. ಬಿಜಾಪುರದ ಬಾಜಾರ ನೋಡಿ ಬೆರಗಾಗಿ ಬರೆದಿಟ್ಟ. ಬಟ್ಟೆ, ಒಡವೆ, ಆಯುಧ, ರೊಟ್ಟಿ ಅಂಗಡಿ ಒಂದು ಕಡೆ. ಇನ್ನೊಂದು ಕಡೆ ತರತರದ ಹಣ್ಣು, ಜೊತೆಗೆ ಪಿಸ್ತಾ, ಬಾದಾಮಿ, ಕಲ್ಲುಸಕ್ಕರೆ.

ಅಸದ್ ಬೇಗ್ ಇಲ್ಲಿಂದ ಇನ್ನೊಂದು ವಸ್ತು ಅಕ್ಬರ್‌ಗೆ ತಗೊಂಡು ಹೋದ: ತಂಬಾಕು. ಆಗ್ರಾದ ಬಾದಶಹ ಅದನ್ನ ಅಲ್ಲಿವರೆಗೆ ಕಂಡಿರಲಿಲ್ಲ, ಬಿಜಾಪುರದ ಪೇಟೆಯಾಗ ಮಾತ್ರ ಆಗಲೇ ಸಿಗ್ತಿತ್ತು. ತಂಬಾಕು ಅಮೆರಿಕ ಖಂಡದ ಗಿಡ. ಅದು ನಮ್ಮ ಕಡೆ ಅಷ್ಟು ಬೇಗ ಹೆಂಗ ಬಂತು? ಮುಂದಿನ ಭಾಗ.

📌 ಭಾಗ 5/7: ಶೇಂಗಾ ಹಿಂಡಿಯ ಶಾಕ್ 😳

ಗೋವಾ ಬಿಜಾಪುರದ ಬಂದರು ಆಗಿತ್ತು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನ ಆದಿಲ್‌ಶಾಹಿಗಳಿಂದ ಕಿತ್ಕೊಂಡ. ಬಂದರು ಹೋಯ್ತು, ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಪೋರ್ಚುಗೀಸರ ಹಡಗಿನಾಗ ಅಮೆರಿಕ ಖಂಡದ ಬೆಳೆ ಬಂದ್ವು, ಘಟ್ಟ ಹತ್ತಿ ನಮ್ಮ ಕಡೆ ಬಂದ್ವು.

ಹೆಸರು ನೋಡಿದ್ರ ಗೊತ್ತಾಗ್ತದ. ಪಪ್ಪಾಯಿ, ಅನಾನಸ್, ಬಟಾಟಿ ಎಲ್ಲಾ ಪೋರ್ಚುಗೀಸ್ ಬಾಯಿಂದ ಬಂದ ಹೆಸರು. ನಮ್ಮ ಪೇರಲ ಹಣ್ಣಿನ ಹೆಸರಿನ ಹಿಂದೆಯೂ ಅವರ 'ಪೇರ' ಅದ. ಮೆಣಸಿನಕಾಯಿ ಬಂದಾಗ ಅದಕ್ಕ ಕನ್ನಡದಾಗ ಹೆಸರೇ ಇರಲಿಲ್ಲ. ಖಾರಕ್ಕ ಮೊದಲಿನಿಂದ ಮೆಣಸು ಇತ್ತಲ್ಲ, ಇದು ಅದರಂಗ ಖಾರ ಇರೋ ಕಾಯಿ, ಅದಕ್ಕ 'ಮೆಣಸಿನ ಕಾಯಿ'. ಹೊಸ ಸೊಸಿಗೆ ಹಳೇ ಮನಿ ಹೆಸರು ಇಟ್ಟಂಗ.

ಶೇಂಗಾ? ಅದೂ ದಕ್ಷಿಣ ಅಮೆರಿಕದ್ದೇ.

ಈಗ ನನ್ನ ಗೆಳೆಯನ ಮಾತು ನೆನಪು ಮಾಡ್ಕೋರಿ. "ನಮ್ದು ಅಂದ್ರ ಶೇಂಗಾ ಹಿಂಡಿ." ಶೇಂಗಾ ಅಮೆರಿಕ ಖಂಡದ್ದು, ಕೆಂಪು ಖಾರ ಅಮೆರಿಕ ಖಂಡದ್ದು. ಕಲ್ಯಾಣದ ಸೋಮೇಶ್ವರನಿಗೆ ಇವೆರಡೂ ಗೊತ್ತೇ ಇರಲಿಲ್ಲ. ಬಸವ ಬಾಗೇವಾಡಿಯ ಬಸವಣ್ಣನವರೂ ಅಷ್ಟೇ, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ತಿಂದಿರಲಿಕ್ಕೆ ಸಾಧ್ಯನೇ ಇಲ್ಲ. ಜ್ವಾಳ ಕೂಡ ಬಹಳ ಹಳೇ ಕಾಲದಾಗ ಆಫ್ರಿಕಾದಿಂದ ಬಂದ ಬೆಳೆ.

ಅಂದ್ರ "ಫಾರಿನ್" ಅಂತ ಬೈಸಿಕೊಂಡ ಒಡೆಸಿದ ಹಾಲಿಗೆ ಕಲ್ಯಾಣದಾಗ 900 ವರ್ಷದ ದಾಖಲೆ ಅದ. "ಅಪ್ಪಟ ನಮ್ದು" ಅಂತ ಹೊಗಳಿಸಿಕೊಂಡ ಶೇಂಗಾ ಹಿಂಡಿ 1510ಕ್ಕಿಂತ ಈಚಿನದು!

ಹಂಗಂತ ಶೇಂಗಾ ಹಿಂಡಿ ನಮ್ದಲ್ಲಾ? ಅಂದವರ ಜೊತೆ ನಾನೇ ಜಗಳ ತೆಗೀತೀನಿ. ನಮ್ಮ ಅಜ್ಜಿಗಳು ಒಳಕಲ್ಲಿನಾಗ ಕುಟ್ಟಿ ಕುಟ್ಟಿ ಅದನ್ನ ನಮ್ಮದು ಮಾಡಿದ್ರು. ಎಲ್ಲಿ ಹುಟ್ಟಿತು ಅನ್ನೋದು ಒಂದು ಪ್ರಶ್ನೆ, ಯಾರು ಬೆಳೆಸಿದ್ರು ಅನ್ನೋದು ಇನ್ನೊಂದು. ಊಟದಾಗ ಎರಡನೇದೇ ದೊಡ್ಡದು.

📌 ಭಾಗ 6/7: ಬರ್ರಿ, ಮಾಡೋಣು

ಹೊಲಕ್ಕ ಬುತ್ತಿ ಕಟ್ಕೊಂಡು ಹೋಗೋದು ನಮಗ ಹೊಸದಲ್ಲ. ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ಹೋಗ್ತೀವಿ, ಚಳಿಗಾಲದಾಗ ಸೀತನಿ ಸುಡ್ತೀವಿ. ಇದು ಬ್ಯಾಸಿಗಿ ಆವೃತ್ತಿ ಅಂತ ತಿಳೀರಿ. ಸಲಾಡ್ ಅನ್ನೋ ಹೆಸರು ಬ್ಯಾಡಾದ್ರ ಹಣ್ಣಿನ ಪಚಡಿ ಅನ್ರಿ. ಖಾನಾವಳಿ ತಾಟಿನಾಗ ರೊಟ್ಟಿ ಬಾಜೂಕ ಬರೋ ಪಚಡಿಯ ತಂಗಿ ಇದು.

6 ಮಂದಿಗೆ:
🥛 ಹಾಲು 1 ಲೀಟರ್ (ಎಮ್ಮಿದು ಇದ್ರ ಚೊಲೋ)
🍋 ಲಿಂಬಿಹಣ್ಣು 3
🍉 ಕಲ್ಲಂಗಡಿ ಅರ್ಧ, ಪಪ್ಪಾಯಿ ಅರ್ಧ
🍇 ದ್ರಾಕ್ಷಿ ಕಾಲು ಕಿಲೋ, ದಾಳಿಂಬೆ 1
🥒 ಎಳೀ ಸೌತಿಕಾಯಿ 2
🌿 ಪುದೀನಾ, ಹುರಿದ ಜೀರಿಗಿ ಪುಡಿ, ಉಪ್ಪು

ಹಾಲು ಉಕ್ಕಿದ ಮ್ಯಾಲ ಉರಿ ಸಣ್ಣ ಮಾಡಿ ಎರಡು ಲಿಂಬಿಹಣ್ಣಿನ ರಸ ಸ್ವಲ್ಪ ಸ್ವಲ್ಪ ಹಾಕ್ರಿ. ತಿಳಿ ನೀರು ಬ್ಯಾರೆ ಆದ ಕೂಡ್ಲೇ ಇಳಿಸ್ರಿ, ಜಾಸ್ತಿ ಕುದಿಸಿದ್ರ ರಬ್ಬರ್ ಆಗ್ತದ. ತೆಳು ಬಟ್ಟಿಯಾಗ ಸೋಸಿ, ತಣ್ಣೀರಾಗ ಒಮ್ಮೆ ತೊಳದು, ಕಟ್ಟಿ, ಮ್ಯಾಲ ಒಂದು ಕಲ್ಲು ಇಡ್ರಿ. 20 ನಿಮಿಷಕ್ಕ ಸುಮಾರು 200 ಗ್ರಾಂ ಪನೀರ ಸಿಗ್ತದ. ಸೋಸಿದ ನೀರು ಚೆಲ್ಲಬ್ಯಾಡ್ರಿ, ರೊಟ್ಟಿ ಹಿಟ್ಟು ನಾದಾಕ ಬರ್ತದ.

ಹಣ್ಣು ಹೆಚ್ಚಿ, ಪನೀರ ಪುಡಿ ಮಾಡಿ ಉದುರಿಸಿ, ಪುದೀನಾ, ಜೀರಿಗಿ ಹಾಕಿ, ಮೂರನೇ ಲಿಂಬಿ ಹಿಂಡ್ರಿ. ಉಪ್ಪು ತಿನ್ನೋ ಹೊತ್ತಿಗೇ ಹಾಕ್ರಿ, ಮೊದಲೇ ಹಾಕಿದ್ರ ಹಣ್ಣು ನೀರು ಬಿಟ್ಟು ಸಾರಾಗ್ತದ.

ಒಂದು ಮಾತು ಖಂಡಿತ ಮರೀಬ್ಯಾಡ್ರಿ: ಈ ಬಿಸಿಲಿನಾಗ ಪನೀರ ಒಂದು ತಾಸಿಗಿಂತ ಹೊರಗ ಇಟ್ಟು ತಿನ್ನಬ್ಯಾಡ್ರಿ. ಮಾಡಿದ ಕೂಡ್ಲೇ ಖಾಲಿ ಮಾಡ್ರಿ.

ಲಿಂಬಿ ಬಗ್ಗೆ ಹೇಳದಿದ್ರ ಇಂಡಿ ಗೆಳೆಯರು ಅನ್‌ಫಾಲೋ ಮಾಡ್ತಾರ 😄 ಇಂಡಿ ಲಿಂಬಿಗೆ ಈಗ ಜಿಐ ಟ್ಯಾಗ್ ಸಿಕ್ಕದ. ಸೌತಿಕಾಯಿ ಅಂತೂ ಮೂಲದಿಂದಲೇ ಭಾರತದ್ದು. ಇಡೀ ಬೋಗುಣಿಯಾಗ ಪಾಸ್‌ಪೋರ್ಟ್ ಬೇಡದೇ ಇರೋದು ಅದೊಂದೇ ಇರಬೇಕು!

📌 ಭಾಗ 7/7: ಆಯಿ ತಿಂದಳಾ?

ಓದಿದ್ದನ್ನೆಲ್ಲಾ ನಿನ್ನೆ ಸಂಜಿಗೆ ಕಟ್ಟಿ ಮ್ಯಾಲ ಕುಂತು ಆಯಿಗೆ ಹೇಳಿದೆ. ಕಲ್ಯಾಣದ ರಾಜ ಹಾಲು ಒಡೆಸಿದ್ದು, ಶೇಂಗಾ ಹಡಗಿನಾಗ ಬಂದಿದ್ದು, ಎಲ್ಲಾ. ರಾಜನ ಕತಿಗೆ "ಹೂಂ" ಅಂದಳು. ಶೇಂಗಾ ಕತಿ ನಂಬಲೇ ಇಲ್ಲ. "ನಮ್ಮ ಹೊಲದಾಗ ನನ್ನ ಅತ್ತಿ ಕಾಲದಿಂದ ಬೆಳೀತೀವಿ, ಯಾವ ಹಡಗು?" ಅಂದಳು.

ಅವಳ ಮಾತೂ ಸುಳ್ಳಲ್ಲ. ಅವಳ ಲೆಕ್ಕದಾಗ ಇತಿಹಾಸ ಅಂದ್ರ ಅತ್ತಿ ಕಾಲ. ನನ್ನ ಲೆಕ್ಕದಾಗ 1510. ಎರಡೂ ನಡೀತಾವ.

ಆಮೇಲೆ ಒಂದು ಚೂರು ಪನೀರ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು. ಒಳಗ ಹೋಗಿ ಡಬ್ಬಿ ತಂದು, ಪನೀರದ ಮ್ಯಾಲ ಒಂದು ಚಿಟಿಕಿ ಶೇಂಗಾ ಹಿಂಡಿ ಉದುರಿಸಿ ಬಾಯಿಗೆ ಹಾಕ್ಕೊಂಡಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಸಪ್ಪಗದ. ಆದ್ರ ನಡೀತದ. ನಾಳೆ ಮಾಡಿದ್ರ ನನಗೂ ಇಡು."

ನನ್ನ ಗೆಳೆಯನಿಗೆ ಕೊಡಬೇಕಾದ ಉತ್ತರ ಆ ಚಿಟಿಕಿಯಾಗೇ ಸಿಕ್ತು. ಈಗ ಯಾರು ಏನು ತಿಂತಾರ ಅನ್ನೋದರ ಮ್ಯಾಲ "ಅವರು ನಮ್ಮವರು, ಇವರು ಹೊರಗಿನವರು" ಅಂತ ಗೆರಿ ಎಳೆಯೋರು ಬಹಳ ಆಗ್ಯಾರ, ನಮ್ಮ ಕ್ಲಾಸ್ ವಾಟ್ಸಾಪ್ ಗ್ರೂಪಿನಾಗೂ ಅದಾರ. ಗೆರಿ ಎಳೆಯೋ ಮೊದಲು ನಿಮ್ಮ ತಾಟು ಒಮ್ಮೆ ನೋಡ್ಕೋರಿ. ಅದರಾಗ ಇರಾನ್ ಅದ, ಆಫ್ರಿಕಾ ಅದ, ಗೋವಾ ಬಂದರು ಅದ, ಕಲ್ಯಾಣ ಅದ. ಎಲ್ಲಾ ಕೂಡಿದ್ದಕ್ಕೇ ಅದು ಸಿಂದಗಿ ಊಟ ಆಗ್ಯದ.

ಈಗ ನಿಮ್ಮ ಪಾಳಿ: ನಿಮ್ಮ ಮನ್ಯಾಗ ಹಾಲು ಒಡೆದ್ರ ಏನು ಮಾಡ್ತಾರ? ಚೆಲ್ತಾರೋ, ಬೆಲ್ಲ ಹಾಕಿ ಕುದಿಸ್ತಾರೋ? ಅಜ್ಜಿನ ಕೇಳಿ ಕಮೆಂಟ್‌ನಾಗ ಬರೀರಿ. ಮತ್ತ ಆ ಗೆಳೆಯನ ಹೆಸರು ಕೇಳಬ್ಯಾಡ್ರಿ, ಭಾನುವಾರ ಎರಡು ತಾಟು ತಿಂದವನು ಅವನೇ 🤐

#ಸಿಂದಗಿ #ವಿಜಯಪುರ #ಹಣ್ಣಿನಪಚಡಿ #ಊಟದಇತಿಹಾಸ #ಮಾನಸೋಲ್ಲಾಸ #ಶೇಂಗಾಹಿಂಡಿ #ಇಂಡಿಲಿಂಬೆ